ಹತ್ತಿರದ ಬೀಗರು

ಆ ಮನೆಯಲ್ಲಿ ಎರಡು ಪದಗಳನ್ನು ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ. ಒಂದು 'ಒಡೆ', ಇನ್ನೊಂದು 'ಬೀಗರು'.

ಮೊದಲನೆಯದು ಯಜಮಾನರ ಕಸುಬಿನ ಮರ್ಯಾದೆಗೆ ಸೇರಿದ್ದು. ಬೀದಿಯ ತಿರುವಿನಲ್ಲಿ, ಔಷಧಿ ಅಂಗಡಿಗೂ ಕ್ಷೌರದಂಗಡಿಗೂ ನಡುವೆ ಸಿಕ್ಕಿಕೊಂಡ ಗೂಡಿನಂಥ ಮಳಿಗೆಯಲ್ಲಿ ಬೀಗ ರಿಪೇರಿ ಮಾಡುತ್ತ, ಕೀ ಕೊರೆಯುತ್ತ ತಲೆ ಬೆಳ್ಳಗೆ ಮಾಡಿಕೊಂಡವರು ಅವರು. ಯಾರಾದರೂ ಓಡಿಬಂದು "ಸ್ವಲ್ಪ ಬಂದು ನಮ್ಮನೆ ಬೀಗ ಒಡೆದುಕೊಡಿ" ಅಂದರೆ, ಅರವನ್ನು ಕೆಳಗಿಟ್ಟು ಕನ್ನಡಕದ ಮೇಲಿಂದ ನೋಡಿ, "ಒಡೆಯೋದಕ್ಕೆ ಒಂದು ಕಲ್ಲು ಸಾಕು, ನಾನ್ಯಾಕೆ? ಬಿಚ್ಚಬೇಕಾದ್ರೆ ಹೇಳಿ, ಬರ್ತೀನಿ" ಅನ್ನುತ್ತಿದ್ದರು.

ಎರಡನೆಯದಕ್ಕೆ ಕಾರಣ ಒಂದು ಅರ್ಧ ಊಟ. ಸೊಸೆಯ ತಂದೆಗೆ ಊರಿನ ಆಚೆ ಬದಿಯಲ್ಲಿ ದೊಡ್ಡ ಹಾರ್ಡ್‌ವೇರ್ ಅಂಗಡಿ. ಅವರ ಮನೆಯಲ್ಲಿ ಎಲ್ಲರೂ ಊಟಕ್ಕೆ ಕೂತಿದ್ದಾಗ ಆ ಮನುಷ್ಯ, ಬಡಿಸುವವರು ಅತ್ತಿತ್ತ ಓಡಾಡುತ್ತಿರುವಾಗಲೇ, ಗಟ್ಟಿಯಾಗಿ ಅಂದುಬಿಟ್ಟಿದ್ದರು: "ಇನ್ನೂ ಎಷ್ಟು ದಿನ ಆ ಗೂಡಲ್ಲಿ ಕೂತು ಅರ ಉಜ್ತೀರಿ ಬೀಗರೇ? ಈಗೆಲ್ಲ ನಂಬರ್ ಒತ್ತಿದ್ರೆ ತೆರೆಯೋ ಬೀಗ ಬಂದಿವೆ. ನಮ್ಮ ಕೌಂಟರಿಗೆ ಒಬ್ಬರು ಬೇಕು. ಬಂದು ಫ್ಯಾನಿನ ಕೆಳಗೆ ಕೂತು ಬಿಲ್ ಬರೀರಿ." ಯಜಮಾನರು ಕಲಸಿದ ಅನ್ನವನ್ನು ಹಾಗೇ ಬಿಟ್ಟು ಎದ್ದು, ಕೈ ತೊಳೆದು, ಚಪ್ಪಲಿ ಮೆಟ್ಟಿ ಹೊರಟುಬಂದರು. ಅಂದಿನಿಂದ ಎರಡು ಮನೆಗಳ ನಡುವೆ ಹೋಗಿಬರುವುದು ನಿಂತಿತು. ಸೊಸೆ ತಾಯಿಯ ಜೊತೆ ಮಾತಾಡಬೇಕಾದರೂ ಬಟ್ಟೆ ಒಣಹಾಕುವ ನೆಪದಲ್ಲಿ ಮಾಳಿಗೆಗೆ ಹೋಗಬೇಕಾಗಿತ್ತು.

ಇದೆಲ್ಲದರ ನಡುವೆ ಇದ್ದವರು ಅತ್ತೆ. ಅವರು ಓದಿದ್ದು ಕಡಿಮೆ, ಕೇಳಿದ್ದು ಹೆಚ್ಚು. ಚಿಕ್ಕಂದಿನಲ್ಲಿ ಅಪ್ಪ ಹಾಡುತ್ತಿದ್ದ ಪದ್ಯಗಳು ಕಿವಿಯ ದಾರಿಯಲ್ಲೇ ಒಳಗಿಳಿದು ಕೂತಿದ್ದವು. ಬೆಳಿಗ್ಗೆ ಕಸ ಗುಡಿಸುವಾಗ ಒಂದೊಂದಾಗಿ ಹೊರಬರುತ್ತಿದ್ದವು. ಎಲ್ಲದರ ಕೊನೆಗೂ ದೇವರನ್ನು ಕರೆಯುವ ಒಂದೇ ಮಾತು: 'ಒಡೆಯಾ'.

"ಅಜ್ಜಿ, ನೀವು ಒಡೆ ಅಂದ್ರಿ! ತಾತ ಬೈತಾರೆ" ಅಂತ ಮೊಮ್ಮಗಳು ಹಾಸಿಗೆಯಿಂದಲೇ ಕೂಗುತ್ತಿದ್ದಳು. ಬಾಯಿ ಒಂದು ಗಳಿಗೆ ಸುಮ್ಮನಿರದ ಆ ಹುಡುಗಿಗೆ ಮನೆಯಲ್ಲಿ ಗಿಲಕಿ ಎಂದೇ ಹೆಸರು.

"ಅದು ಒಡೆಯ ಕಣೇ. ದೇವರು."

"ದೇವರೂ ಬೀಗ ಒಡೀತಾನಾ?"

"ನಿನ್ನ ಬಾಯಿಗೆ ಹಾಕೋ ಬೀಗ ಇದ್ರೆ ತಾತನ್ನ ಕೇಳ್ತೀನಿ ಇರು."

ತಮಾಷೆ ಅಷ್ಟಕ್ಕೇ. ಮಳಿಗೆಯ ಕರಾರು ಮುಂದಿನ ತಿಂಗಳು ಮುಗಿಯುವುದಿತ್ತು. ಅಷ್ಟರಲ್ಲಿ ಗಿರಾಕಿಗಳು ಬಾರದಿದ್ದರೆ ಕೀ ಕೊರೆಯುವ ಯಂತ್ರ ಮಾರಿ ಬಾಗಿಲೆಳೆಯುವುದೆಂದು ಯಜಮಾನರು ಹೇಳಿಬಿಟ್ಟಿದ್ದರು. "ಆಮೇಲೆ?" ಎಂದು ಮಗ ಕೇಳಿದ್ದಕ್ಕೆ, "ಆಮೇಲೇನು, ಆ ಫ್ಯಾನಿನ ಕೆಳಗೆ ಹೋಗಿ ಕೂರೋದು" ಎಂದು ಗೋಡೆ ನೋಡಿಕೊಂಡು ಹೇಳಿದ್ದರು.

ಆ ಮಾತು ಸೊಸೆಗೆ ಮುಳ್ಳಿನ ಹಾಗೆ ನೆಟ್ಟಿತು. ಅಂಗಡಿ ಮುಚ್ಚಿದರೆ ತನ್ನಪ್ಪ ಆಡಿದ ಮಾತೇ ನಿಜವಾಗುತ್ತದೆ. ಆಮೇಲೆ ಈ ಮನೆಯಲ್ಲಿ ತಾನು ತಲೆಯೆತ್ತಿ ಅನ್ನ ಬಡಿಸುವುದು ಹೇಗೆ?

"ಮಾವ, ಕರಾರು ಮುಗಿಯೋವರೆಗೆ ನನಗೆ ಬಿಡಿ. ಅಂಗಡಿಗೆ ಒಂದು ವೆಬ್‌ಸೈಟ್ ಮಾಡ್ತೀನಿ. ಈಗ ಯಾರೂ ಬೀದೀಲಿ ನಿಂತು ಅಂಗಡಿ ಹುಡುಕಲ್ಲ, ಫೋನಲ್ಲಿ ಹುಡುಕ್ತಾರೆ."

"ನಮ್ಮ ಬೀದಿ ಫೋನಲ್ಲಿದ್ಯಾ?"

"ಇರೋ ಹಾಗೆ ಮಾಡ್ತೀನಿ."

"ಮಾಡು. ಆ ಫೋನ್ ನನ್ನ ಕೈಗೆ ಕೊಡಬೇಡ, ಅಷ್ಟೇ."

ಮರುದಿನದಿಂದ ಅಡುಗೆಮನೆಯಲ್ಲಿ ಪಾಠ ಶುರು. ಡಬ್ಬಿಗೆ ಒರಗಿಸಿದ ಫೋನಿನೊಳಗಿಂದ ಒಬ್ಬ ಮಾಸ್ತರ ಎಡೆಬಿಡದೆ ಮಾತಾಡುತ್ತಿದ್ದ. ಸೊಸೆ ಒಂದು ಕೈಯಲ್ಲಿ ಸೌಟು, ಒಂದು ಕೈಯಲ್ಲಿ ಪೆನ್ನು ಹಿಡಿದು ಕೇಳುತ್ತಿದ್ದಳು. ಹುರುಳಿಕಾಯಿ ನಾರು ತೆಗೆಯುತ್ತ ಕೂತ ಅತ್ತೆಯ ಕಿವಿಗೂ ಎಲ್ಲ ಬೀಳುತ್ತಿತ್ತು.

"ಇವನು ಗಳಿಗೆಗೊಂದು ಸಲ ಕೀವರ್ಡ್ ಕೀವರ್ಡ್ ಅಂತಾನಲ್ಲ, ಕೀ ಮಾಡೋರಿಗೆ ಅಂತಲೇ ಪಾಠ ಹೇಳ್ತಿದಾನಾ?"

ಸೊಸೆಗೆ ನಗು ಬಂತು. "ಅಲ್ಲ ಅತ್ತೆ. ಜನ ಏನಾದ್ರೂ ಬೇಕಾದಾಗ ಫೋನಲ್ಲಿ ಒಂದು ಪದ ಬರೀತಾರಲ್ಲ, ಅದು ಕೀವರ್ಡ್. ಆ ಪದ ನಮ್ಮ ಪುಟದಲ್ಲಿದ್ರೆ ನಾವು ಸಿಗ್ತೀವಿ."

"ಸಿಕ್ಕಿದ್ದು ಯಾರಿಗೆ ಗೊತ್ತಾಗತ್ತೆ?"

"ಹುಡುಕೋ ಯಂತ್ರ ಒಂದು ಹುಳ ಕಳಿಸತ್ತೆ ಅಂದ್ಕೊಳ್ಳಿ. ಅದು ತೆವಳಿಕೊಂಡು ಲೋಕದ ಪುಟ ಎಲ್ಲ ಓದಿ, ಯಾವುದು ಎಲ್ಲಿದೆ ಅಂತ ಗುರುತಿಟ್ಕೊಳ್ಳತ್ತೆ. ಕೇಳಿದವರಿಗೆ ಒಳ್ಳೇದನ್ನ ಮೇಲೆ ತೋರಿಸತ್ತೆ, ಉಳಿದದ್ದನ್ನ ಕೆಳಗೆ. ಮೇಲೆ ಬಂದ್ರೆ ರ್ಯಾಂಕ್ ಬಂತು ಅಂತ."

"ನೆಂಟರ ಊಟದ ಸಾಲಿನ ಹಾಗೆ" ಅಂದರು ಅತ್ತೆ. "ಮತ್ತೆ ಬ್ಯಾಕ್‌ಲಿಂಕು? ಹಿತ್ತಲ ಬಾಗಿಲಾ?"

"ದೊಡ್ಡವರು ತಮ್ಮ ಪುಟದಲ್ಲಿ ನಮ್ಮ ಕಡೆ ಕೈ ತೋರಿಸಿ 'ಅಲ್ಲಿ ಹೋಗಿ, ಚೆನ್ನಾಗಿ ಮಾಡ್ತಾರೆ' ಅನ್ನೋದು. ಹಾರ್ಡ್‌ವೇರ್ ಅಂಗಡಿಯವರು ಯಾರಾದ್ರೂ ಹಾಗೆ ಹಾಕಿದ್ರೆ..." ಎಂದವಳು ಅಲ್ಲಿಗೇ ನಿಲ್ಲಿಸಿ ಒಲೆ ಸಣ್ಣ ಮಾಡಿದಳು. ಹಾರ್ಡ್‌ವೇರ್ ಅಂಗಡಿಯವರು ಯಾರು ಅಂತ ಇಬ್ಬರಿಗೂ ಗೊತ್ತಿತ್ತು. ಅತ್ತೆ ಹುರುಳಿಕಾಯಿಯ ಕಡೆ ಕಣ್ಣು ತಿರುಗಿಸಿದರು.

ಕೀವರ್ಡಿನ ಜಗಳ ಹತ್ತಿದ್ದು ಊಟದ ತಟ್ಟೆಯ ಮುಂದೆ. ಸೊಸೆ ಲೆಕ್ಕಾಚಾರವೆಲ್ಲ ಮುಗಿಸಿ ಬಂದು ಕೂತಿದ್ದಳು.

"ಮಾವ, ಜನ ಬರೆಯೋ ಪದ ಯಾವುದು ಅಂತ ನೋಡಿದೆ. ಬೇಜಾರು ಮಾಡ್ಕೋಬೇಡಿ. 'ಬೀಗ ಒಡೆಯುವವರು' ಅಂತಲೇ ಎಲ್ಲರೂ ಹುಡುಕೋದು. ಅದೊಂದನ್ನ ಮೇಲೆ ಹಾಕಿದ್ರೆ..."

ಯಜಮಾನರ ತುತ್ತು ಬಾಯಿಯ ಹತ್ತಿರ ನಿಂತಿತು. "ಏನಂದೆ?"

"ಪದ ಅಷ್ಟೇ ಮಾವ. ನೀವೇನು ನಿಜವಾಗಿ ಒಡೀಬೇಕಾಗಿಲ್ಲ."

"ಪದ ಅಷ್ಟೇನಾ? ಹಾಗಾದ್ರೆ ಕಳ್ಳರು ಅಂತಲೇ ಹಾಕು. ಅದನ್ನೂ ಜನ ಹುಡುಕ್ತಾರೆ."

"ಅಪ್ಪಾ, ಅವಳು ನಿಮಗೋಸ್ಕರ ತಾನೇ..." ಮಗ ಬಾಯಿ ಹಾಕಿದ. ಅವನು ಲಿಫ್ಟ್ ರಿಪೇರಿಯವನು. ಮನೆಯ ಜಗಳದಲ್ಲೂ ಅವನದು ಅದೇ ಕೆಲಸ, ಮೇಲಿನವರನ್ನು ಕೆಳಕ್ಕೆ ಇಳಿಸುವುದು, ಕೆಳಗಿನವರನ್ನು ಮೇಲಕ್ಕೆ ಎತ್ತುವುದು, ನಡುವೆ ತಾನು ಸಿಕ್ಕಿಹಾಕಿಕೊಳ್ಳುವುದು.

"ನೀನು ಸುಮ್ಮನೆ ಊಟ ಮಾಡು. ಈ ಕೈ ಬೀಗ ಬಿಚ್ಚಿದೆ, ಒಂದನ್ನೂ ಒಡೆದಿಲ್ಲ. ಆ ಪದ ಹಾಕಿದ ದಿನ ನಾನೇ ಯಂತ್ರ ಹೊತ್ಕೊಂಡು ಹೋಗಿ ಗುಜರಿಗೆ ಹಾಕ್ತೀನಿ."

ಸೊಸೆ ತಟ್ಟೆಗೆ ಮೊಸರು ಬಡಿಸಿದಳು. ಬಡಿಸುವ ಸದ್ದು ಅಗತ್ಯಕ್ಕಿಂತ ಜಾಸ್ತಿ ಇತ್ತು.

ಪಾತ್ರೆ ತೊಳೆಯುವಾಗ ಅವಳ ಮುಖ ನೋಡಲಾರದೆ ಅತ್ತೆ ನಗಿಸಲು ನೋಡಿದರು. "ಗಾಣದವರು ಗಾಣಿಗರು, ಕನ್ನಡದವರು ಕನ್ನಡಿಗರು. ಹಾಗೆ ನೋಡಿದ್ರೆ ಬೀಗದವರು ನಾವೆಲ್ಲ ಬೀಗರೇ ಅಲ್ವೇನೇ? ಅದನ್ನೇ ಹಾಕು."

ಹೇಳಬಾರದ ಪದ ತಮ್ಮ ಬಾಯಿಂದಲೇ ಜಾರಿತ್ತು. ಅತ್ತೆ ನಾಲಗೆ ಕಚ್ಚಿಕೊಂಡರು. ಸೊಸೆ ನಗಲಿಲ್ಲ. ಒದ್ದೆ ಕೈಯನ್ನು ಸೆರಗಿಗೆ ಒರೆಸಿ ಫೋನ್ ಎತ್ತಿಕೊಂಡಳು. ನೋಡನೋಡುತ್ತ ಅವಳ ಕಣ್ಣರಳಿತು.

"ಅತ್ತೆ! ಈ ಪದ ಎಷ್ಟು ಜನ ಹುಡುಕ್ತಾರೆ ಗೊತ್ತಾ? ಅಂಗಡಿಯವರು ಯಾರೂ ಇದನ್ನ ಮುಟ್ಟೇ ಇಲ್ಲ!"

"ಅಯ್ಯೋ, ತಮಾಷೆಗಂದೆ ಕಣೇ. ಅವರು ಹುಡುಕೋದು ಬೀಗರನ್ನ, ಬೀಗದವರನ್ನಲ್ಲ."

"ಯಾಕೆ ಬಂದ್ರೇನು ಅತ್ತೆ? ಬಂದವರ ಕಣ್ಣಿಗೆ ಅಂಗಡಿ ಬೀಳತ್ತಲ್ಲ. ಮನೇಲಿ ಬೀಗ ಇಲ್ಲದ ಬೀಗರು ಯಾರಿದಾರೆ?"

ಅವಳ ಅವಸರಕ್ಕೆ ಆ ಮಾತು ಸರಿಯಾಗೇ ಕಂಡಿತು. ಮಲಗುವುದರೊಳಗೆ ಪುಟದ ನೆತ್ತಿಯ ಮೇಲೆ ದಪ್ಪಕ್ಷರ ಕೂತಿತ್ತು: 'ಬೀಗರ ಅಂಗಡಿ. ನಿಮ್ಮ ಹತ್ತಿರದ ಬೀಗರು.' ಕೆಳಗೆ ಮನೆಯ ಫೋನ್ ನಂಬರು. ಯಜಮಾನರಿಗೆ ಯಾರೂ ಹೇಳಲಿಲ್ಲ.

ಅಲ್ಲಿಂದ ಮುಂದೆ ಮನೆಗೆ ನೆಮ್ಮದಿ ಎಂಬುದು ಇಲ್ಲದಾಯಿತು. ಸೊಸೆ ಹಾಲು ಕಾಯಿಸುವಾಗ ಫೋನ್ ನೋಡುತ್ತಾಳೆ, ಹಾಲು ಉಕ್ಕುತ್ತದೆ. ಗಿಲಕಿಯ ಜಡೆ ಅರ್ಧ ಹೆಣೆದು ಫೋನ್ ನೋಡುತ್ತಾಳೆ, ಹುಡುಗಿ ಒಂದೇ ಜಡೆಯಲ್ಲಿ ಶಾಲೆಗೆ ಓಡುತ್ತಾಳೆ. ಮೊದಲ ವಾರ ಏನಿಲ್ಲ. ಎರಡನೆಯ ವಾರ ಒಂದು ಬೆಳಿಗ್ಗೆ ಅವಳು ಅಡುಗೆಮನೆಯಲ್ಲೇ ಕುಣಿದುಬಿಟ್ಟಳು. "ಟ್ರಾಫಿಕ್ ಬಂತು ಅತ್ತೆ! ಜನ ಸಾಲುಗಟ್ಟಿ ಬರ್ತಿದಾರೆ!"

ಅತ್ತೆ ಕಿಟಕಿಯಿಂದ ಬೀದಿ ನೋಡಿದರು. ತರಕಾರಿ ಗಾಡಿಯವನು ಒಬ್ಬ ನಿಂತಿದ್ದ.

"ಅಲ್ಲಲ್ಲ, ಫೋನೊಳಗೆ."

"ಫೋನೊಳಗೆ ಬಂದವರು ಹೊರಗೆ ಯಾವಾಗ ಬರ್ತಾರೆ?"

ಮನೆಯ ಫೋನು ಕಪಾಟಿನ ಮೇಲೆ ಪೆದ್ದನ ಹಾಗೆ ಕೂತಿತ್ತು. ಅವಳು ಮತ್ತೆ ಪಾಠ ಕೇಳಿದಳು. ಮುಖ ಬಾಡಿತು.

"ಬಂದವರೆಲ್ಲ ಹೊಸ್ತಿಲು ತುಳಿದು ಹಾಗೇ ತಿರುಗಿ ಹೋಗ್ತಿದಾರೆ. ಇದಕ್ಕೆ ಬೌನ್ಸ್ ಅಂತಾರಂತೆ. ನಮ್ಮಲ್ಲಿ ಬೌನ್ಸ್ ರೇಟು ಆಕಾಶಕ್ಕೆ ಮುಟ್ಟಿದೆ."

ಊಟಕ್ಕೆ ಅಂತ ಹೋಗಿ ಹಾಗೇ ತಿರುಗಿ ಬಂದ ಒಬ್ಬರು ಅತ್ತೆಗೆ ನೆನಪಾದರು.

ಕೊನೆಗೂ ಫೋನು ಹೊಡೆದುಕೊಂಡಾಗ ಸೊಸೆ ಒಗೆಯುವ ಬಟ್ಟೆ ಬಿಟ್ಟು ಓಡಿದಳು. ಆ ಕಡೆಯಿಂದ ಒಂದು ಹೆಂಗಸಿನ ಅಳುದನಿ: "ಅಮ್ಮಾ, ನಮ್ಮ ಬೀಗರು ನಮ್ಮ ಹುಡುಗೀನ ಹಬ್ಬಕ್ಕೂ ಕಳಿಸಲ್ಲ ಅಂತಾರೆ. ನೀವು ಸ್ವಲ್ಪ ಮಾತಾಡ್ತೀರಾ? ಎಷ್ಟು ತಗೊಳ್ತೀರಿ?" ಇನ್ನೊಬ್ಬ ಗಂಡಸು, ಬೀಗರಿಗೆ ಉಡುಗೊರೆ ಏನು ಕೊಡಬೇಕೆಂದು ಕೇಳಿದ. ಮೂರನೆಯವನು ಮಾತು ಶುರುಮಾಡಿದ್ದೇ ಬೈಗುಳದಿಂದ. ತನ್ನ ಬೀಗರಿಗೇ ಫೋನ್ ಹತ್ತಿದೆ ಅಂದುಕೊಂಡಿದ್ದ. ಗಿಲಕಿಗಂತೂ ಹಬ್ಬ. "ಬೀಗರ ಅಂಗಡಿ, ಯಾವ ಸೈಜ್ ಬೀಗರು ಬೇಕು?" ಎಂದು ಫೋನ್ ಎತ್ತಿ ಕೇಳಿ ಅಮ್ಮನ ಕೈಯಲ್ಲಿ ಪೆಟ್ಟು ತಿಂದಳು.

ಗುಟ್ಟು ಬಿಚ್ಚಿದ್ದು ಪಕ್ಕದ ಕ್ಷೌರದವನು. ಯಜಮಾನರು ಮಧ್ಯಾಹ್ನ ಮನೆಗೆ ಬಂದಾಗ ಅವರ ಕಿವಿ ಕೆಂಪಾಗಿತ್ತು.

"ಏನೇ ಇವಳೇ, ನಾನು ಬೀಗರ ಸಂಬಂಧ ಕುದುರಿಸೋ ಅಂಗಡಿ ಇಟ್ಟಿದೀನಂತೆ! ಆ ಕ್ಷೌರದವನು ಗಿರಾಕಿಗೆ ಸೋಪು ಹಚ್ಚಿ ಬಿಟ್ಟು ಹೊರಗೆ ಬಂದು ನಗ್ತಾನೆ. ಯಾರು ಮಾಡಿದ್ದು ಇದು?"

"ನಾನು ಮಾವ" ಅಂದಳು ಸೊಸೆ.

"ಗೊತ್ತು. ನಿಮ್ಮಪ್ಪ ಊಟಕ್ಕೆ ಕರೆದು ಅವಮಾನ ಮಾಡಿದ. ನೀನು ಊಟ ಹಾಕ್ತಾ ಮಾಡಿದೆ. ಅಷ್ಟೇ ವ್ಯತ್ಯಾಸ."

"ನಮ್ಮಪ್ಪನ ಮಾತು ಯಾಕೆ ತರ್ತೀರಿ? ಅವರು ಅಂದಿದ್ದು ಸುಳ್ಳಾಗಲಿ ಅಂತಲೇ ನಾನು ಹಗಲೂ ರಾತ್ರಿ ಒದ್ದಾಡ್ತಿರೋದು! ನೀವು ಆ ಒಂದು ಪದಕ್ಕೆ ಒಪ್ಪಿದ್ದಿದ್ರೆ ಇದು ಬೇಕಾಗಿರಲಿಲ್ಲ."

"ನಾಡಿದ್ದು ಯಂತ್ರ ಕೊಳ್ಳೋನು ಬರ್ತಾನೆ. ಆ ಪುಟಾನೋ ಗಿಟಾನೋ, ಅಷ್ಟರೊಳಗೆ ಅಳಿಸು."

"ಆ ಪದ ಹೇಳಿದ್ದು ನಾನು" ಅಂದರು ಅತ್ತೆ.

ಯಜಮಾನರು ಹೆಂಡತಿಯನ್ನು ನೋಡಿದರು, ಮುಚ್ಚಿಟ್ಟ ಅನ್ನದ ಪಾತ್ರೆಯನ್ನು ನೋಡಿದರು, ತಮ್ಮ ಜಾಗದಲ್ಲಿ ಕೂರದೆ ಕೋಣೆಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟರು. ಮತ್ತೊಂದು ಊಟ ಹಾಗೇ ಉಳಿಯಿತು.

ಮರುದಿನ ಬೆಳಿಗ್ಗೆ ಸೊಸೆ ಪುಟ ಅಳಿಸಲು ಕೂತಿದ್ದಳು. ಮಗ ಕೆಲಸಕ್ಕೆ ಹೋಗಿದ್ದ. ಯಜಮಾನರು ಅಂಗಡಿಗೆ ಹೊರಡದೆ ಜಗಲಿಯಲ್ಲಿ ಕೂತು, ಮಾರಲಿರುವ ಯಂತ್ರಕ್ಕೆ ಎಣ್ಣೆ ಹಾಕಲೆಂದು ಡಬ್ಬಿ ತೊಳೆಯುತ್ತಿದ್ದರು. ಫೋನು ಹೊಡೆದುಕೊಂಡಿತು. ಸೊಸೆ ತಲೆಯೆತ್ತಲಿಲ್ಲ. ಕಸಬರಿಗೆ ಮೂಲೆಗಿಟ್ಟು ಅತ್ತೆಯೇ ಎತ್ತಿದರು.

"ಬೀಗರ ಅಂಗಡಿನಾ?" ಗಂಡಸಿನ ದನಿ. ಒಂದು ಕೆಮ್ಮು. "ಅಲ್ಲ... ಅಂಗಡಿಯವರು ಇದಾರಾ?"

ಒಮ್ಮೆ ಕೇಳಿದ ಸ್ವರ ಅತ್ತೆಯ ಕಿವಿ ಮರೆಯುವುದಿಲ್ಲ. ಆ ಕೆಮ್ಮಿನಲ್ಲೇ ಅವರಿಗೆ ಗೊತ್ತಾಗಿತ್ತು.

"ಹೇಳಿ ಬೀಗರೇ" ಅಂದರು. ಆ ಪದ ಮನೆಯ ನಡುವೆ ಗಂಟೆಯ ಹಾಗೆ ಕೇಳಿಸಿತು. ಜಗಲಿಯಲ್ಲಿ ಡಬ್ಬಿಯ ಸದ್ದು ನಿಂತಿತು.

"ಬೀಗಿತ್ತಿಯವರಾ? ಅಯ್ಯೋ... ಹಳೇ ಫೋನು ನೀರಿಗೆ ಬಿತ್ತು, ನಂಬರೆಲ್ಲ ಹೋಯ್ತು. ಮಗಳ ನಂಬರೂ ಇಲ್ಲ. ಮನೆಯಾಕೆ ಬೇರೆ ಊರಿಗೆ ಹೋಗಿದಾಳೆ. ನಾನು ಬಚ್ಚಲಿಂದ ಹಾಗೇ ಹೊರಗೆ ಬಂದೆ, ಗಾಳಿಗೆ ಬಾಗಿಲು ಹಾಕ್ಕೊಂಡ್ತು, ಕೀ ಒಳಗೇ ಉಳಿದುಬಿಡ್ತು. ಟವೆಲ್ಲಿನಲ್ಲಿ ನಿಂತಿದೀನಿ ತಾಯಿ, ಹೊಸ ಫೋನೊಂದು ಕೈಲಿತ್ತು, ಅಷ್ಟೇ."

"ನಿಮ್ಮದು ನಂಬರ್ ಒತ್ತೋ ಬೀಗ ಅಲ್ವಾ?" ಅತ್ತೆ ಕೇಳಿದ್ದು ಮುಗ್ಧವಾಗೇ.

ಆ ಕಡೆ ಮತ್ತೊಂದು ಕೆಮ್ಮು. "ಅದರ ಬ್ಯಾಟರಿ ಸತ್ತಿದೆ."

ಸೊಸೆ ಎದ್ದು ಬಂದು ಫೋನಿಗೆ ಕಿವಿ ಹಚ್ಚಿದ್ದಳು. ಅವಳೇ ಕಸಿದುಕೊಂಡಳು. "ಅಪ್ಪಾ! ಈ ನಂಬರು ಹೇಗೆ ಸಿಕ್ತು?"

"ಮೊದಲು 'ಕೀ ಒಳಗೆ ಉಳಿದಿದೆ, ಏನು ಮಾಡಲಿ' ಅಂತ ಬರೆದೆ. ಯಾರೂ ಸಿಗಲಿಲ್ಲ ಕಣಮ್ಮ. ನಿಮ್ಮ ಅಂಗಡಿ ಹೆಸರೇನು ಅಂತ ಯೋಚಿಸ್ದೆ. ಹೆಸರೇ ಗೊತ್ತಿಲ್ಲ, ನಾನು ಅದನ್ನ ಯಾವತ್ತೂ ಬೋರ್ಡು ನೋಡಿ ಓದಿದವನಲ್ಲ. ಬೀಗರು ಅಂತ ಬರೆದೆ. ಎಲ್ಲರಿಗಿಂತ ಮೇಲೆ ಬಂದ್ರಿ."

ಸೊಸೆಯ ಕಣ್ಣು ತುಂಬಿತು. ಆದರೂ ಅವಳ ಕೈ ಪೆನ್ನು ಹುಡುಕಿಕೊಂಡು, ಗಿಲಕಿಯ ಚಿತ್ರದ ಹಾಳೆಯ ಮೂಲೆಯಲ್ಲಿ ಬರೆಯಿತು: ಕೀ ಒಳಗೆ ಉಳಿದಿದೆ.

"ಯಾರಾದ್ರೂ ಬೇಗ ಬನ್ನಿ. ಒಡೆದು ಹಾಕಿದ್ರೂ ಸರಿ" ಅಂದರು ತಂದೆ. ಫೋನು ಮತ್ತೆ ಅತ್ತೆಯ ಕೈಗೆ ಬಂದಿತ್ತು.

"ಆ ಟವೆಲ್ಲಲ್ಲೇ ಸ್ವಲ್ಪ ತಡ್ಕೊಳ್ಳಿ. ನಮ್ಮಲ್ಲಿ ಒಡೆಯೋದಿಲ್ಲ ಬೀಗರೇ. ಬಿಚ್ತೀವಿ" ಅಂದರು ಅತ್ತೆ, ಜಗಲಿಯ ಕಡೆ ನೋಡುತ್ತ.

ಯಜಮಾನರು ಬಾಗಿಲಲ್ಲಿ ನಿಂತಿದ್ದರು. ಕೈಯೊರೆಸಿಕೊಂಡರು. ಯಾರ ಮುಖವನ್ನೂ ನೋಡಲಿಲ್ಲ. "ಟವೆಲ್ಲಾ?" ಅಂದರು.

"ಟವೆಲ್ಲು" ಅಂದರು ಅತ್ತೆ.

"ಬೀದೀಲಿ ಜನ ಇರ್ತಾರಲ್ಲ." ಗೂಟದಲ್ಲಿದ್ದ ಸಾಮಾನಿನ ಚೀಲ ತೆಗೆದು ಹೆಗಲಿಗೆ ಹಾಕಿದರು. ಎರಡು ಹೆಜ್ಜೆ ಹೋಗಿ ತಿರುಗಿ ಬಂದು, ಒಗೆದು ಮಡಿಸಿಟ್ಟಿದ್ದ ತಮ್ಮದೇ ಅಂಗಿಯೊಂದನ್ನು ಎತ್ತಿ ಚೀಲಕ್ಕೆ ತುರುಕಿಕೊಂಡು ಹೊರಟರು.

ಮಧ್ಯಾಹ್ನವಾಯಿತು. ಅವರು ಬರಲಿಲ್ಲ. ಸೊಸೆ ಒಲೆಗೂ ಬಾಗಿಲಿಗೂ ಓಡಾಡಿದಳು. "ಮತ್ತೆ ಏನಾದ್ರೂ ಅಂದುಬಿಟ್ರಾ ಅತ್ತೆ? ನಮ್ಮಪ್ಪನ ಬಾಯಿ ನಿಮಗೆ ಗೊತ್ತಲ್ಲ." ಅತ್ತೆಯ ಬಾಯಿಯಲ್ಲಿ ಪದ್ಯ ಬಂದರೂ ಒಂದು ಸಾಲಿಗಿಂತ ಮುಂದೆ ಹೋಗುತ್ತಿರಲಿಲ್ಲ. ಶಾಲೆಯಿಂದ ಬಂದ ಗಿಲಕಿ ತಿಂದಳು, ಕೆಲಸದ ಜಾಗದಿಂದ ಮಗ ಫೋನ್ ಮಾಡಿ ಕೇಳಿದ, ಇವರಿಬ್ಬರು ಮಾತ್ರ ಮುಚ್ಚಿದ ಪಾತ್ರೆಯ ಮುಂದೆ ಕಾದರು.

ಬಿಸಿಲು ಇಳಿಯುವಾಗ ಯಜಮಾನರು ಬಂದರು. ಚೀಲ ಗೂಟಕ್ಕೆ ಹಾಕಿದರು. ಸೊಸೆ ತಟ್ಟೆ ಇಟ್ಟಳು.

"ನನಗೆ ಬೇಡ."

ಅವಳು ಸೌಟು ಕೆಳಗಿಟ್ಟಳು. "ಯಾಕೆ ಮಾವ? ಅಪ್ಪ ಏನಂದ್ರು?"

"ಏನನ್ನೋದು? ಅನ್ನ ಮಾಡಿ ಮೊಟ್ಟೆ ಬೇಯಿಸಿದ. ಅನ್ನ ತಳ ಹಿಡಿದಿತ್ತು, ಮೊಟ್ಟೆಗೆ ಉಪ್ಪಿಲ್ಲ." ಯಜಮಾನರು ಲೋಟದ ನೀರು ಕುಡಿದು ಬಾಯಿ ಒರೆಸಿಕೊಂಡರು. "ಅವತ್ತಿನ ಊಟ ಅಲ್ಲೇ ಅರ್ಧ ಉಳಿದಿತ್ತಲ್ಲ. ಮುಗಿಸಿ ಬಂದೆ."

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು. ಅಡುಗೆಮನೆಯಲ್ಲಿ ಅಷ್ಟೇನೂ ಸೆಕೆಯಿರಲಿಲ್ಲ.

"ಬೀಗಕ್ಕೆ ಪೆಟ್ಟಾಗಲಿಲ್ಲ ತಾನೇ?" ಅಂದರು.

"ಏನಂತ ಕೇಳ್ತೀಯೇ? ಒಂದು ಗೆರೆ ಬಿದ್ದಿಲ್ಲ. ಅವನು ನೋಡ್ತಾನೇ ನಿಂತಿದ್ದ. ತನ್ನ ಅಂಗಡೀಲಿ ಬೀಗ ಕೊಂಡವರಿಗೆ ನಮ್ಮ ನಂಬರ್ ಕೊಡ್ತಾನಂತೆ."

"ಅದು ಬ್ಯಾಕ್‌ಲಿಂಕು" ಅಂದಳು ಗಿಲಕಿ ಥಟ್ಟನೆ. ಪಾಠ ಅವಳ ಕಿವಿಗೂ ಬಿದ್ದಿತ್ತು.

ಸೊಸೆ ಆ ಸಂಜೆಯೇ ಪುಟದ ನೆತ್ತಿ ಬದಲಾಯಿಸಿದಳು. 'ಕೀ ಒಳಗೆ ಉಳಿದಿದೆಯೇ? ಬಾಗಿಲು ಹಾಕಿಕೊಂಡಿದೆಯೇ? ಒಡೆಯಬೇಡಿ, ನಮಗೆ ಫೋನ್ ಮಾಡಿ.' ಯಜಮಾನರು ಅದನ್ನು ಓದಿಸಿ ಕೇಳಿದರು. 'ಒಡೆಯಬೇಡಿ' ಎನ್ನುವಲ್ಲಿ ಹುಬ್ಬು ಗಂಟಾಯಿತು. ಇನ್ನೊಮ್ಮೆ ಓದಿಸಿದರು. ಗಂಟು ಸಡಿಲವಾಯಿತು. "ಹೀಗಾದ್ರೆ ಇರಲಿ" ಅಂದರು.

ಯಂತ್ರ ಕೊಳ್ಳುವವನು ಬಂದ ಹೊತ್ತಿಗೆ ಅಂಗಡಿಯ ಬಾಗಿಲು ಅರ್ಧ ಎಳೆದಿತ್ತು. ಯಜಮಾನರು ಯಾರದೋ ಮನೆಗೆ ಬಾಗಿಲು ತೆರೆಯಲು ಹೋಗಿದ್ದರು. ಅವನು ಕ್ಷೌರದಂಗಡಿಯ ಬೆಂಚಿನ ಮೇಲೆ ಕೂತು ಕೂತು ಎದ್ದುಹೋದ. ಮುಂದಿನ ವಾರಗಳಲ್ಲಿ ಫೋನು ಬರುವ ದಿನವೂ ಇತ್ತು, ಬಾರದ ದಿನವೂ ಇತ್ತು. ಬಾರದ ದಿನ ಸೊಸೆ ಹಾಲು ಉಕ್ಕಿಸುವುದು ತಪ್ಪಲಿಲ್ಲ. ಮಳಿಗೆಯ ಮಾಲೀಕ ಕರಾರಿನ ಕಾಗದ ತಂದಾಗ ಯಜಮಾನರು ಸಹಿ ಹಾಕಿ, ಮತ್ತೆ ಅರ ಕೈಗೆತ್ತಿಕೊಂಡರು.

ಅಂದು ಊಟದ ಹೊತ್ತಿಗೆ ಅವರೇ ಸೊಸೆಯನ್ನು ಕೇಳಿದರು. "ಆ ಪದ ಎಲ್ಲಿ ಹೋಯ್ತು?"

"ಯಾವುದು ಮಾವ?"

"ಅದೇ. ಮೊದಲು ಹಾಕಿದ್ದೆಯಲ್ಲ."

"ತೆಗೆದುಬಿಟ್ಟೆ. ಆ ಪದ ಹುಡುಕಿ ಬರೋರಿಗೆ ನಮ್ಮ ಕೆಲಸ ಬೇಕಾಗಿರಲ್ಲ. ಬರೀ ಬೌನ್ಸು."

ಯಜಮಾನರು ಅನ್ನಕ್ಕೆ ಮೊಸರು ಕಲಸಿಕೊಂಡರು. ನಿಧಾನವಾಗಿ, ಮೂಲೆಯಿಂದ ಮೂಲೆಗೆ.

"ಕೆಳಗೆ ಎಲ್ಲಾದ್ರೂ ಸಣ್ಣದಾಗಿ ಇರಲಿ ಬಿಡು" ಅಂದರು. "ಎಲ್ಲರೂ ತಿರುಗಿ ಹೋಗಲ್ಲ."